ಇಪ್ಪತ್ತೆರಡು ಕೈಪಟ್ಟಿಗಳ ತಾಳ್ಮೆ

ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೂತರೆ ಚೌಡಮ್ಮನಿಗೆ ಹಳೆಯದೊಂದು ನೆನಪಾಗಲೇಬೇಕು. ಅವತ್ತು ನೆನಪಾದದ್ದು ಕಲ್ಲಾರೆ ಕೊಪ್ಪಲಿನ ಬೀದಿ ನಲ್ಲಿ.

"ನಮ್ದು ಸೊಟ್ಟ ಮೂತಿ ಕೊಡ, ಗ್ಯಾನ ಅದಾ ನಿಂಗೆ?" ಎಂದಳು, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ.

"ಅದೆ ಕನವ್ವ. ಕಂಠಕ್ಕೆ ಕೆಂಪು ದಾರ ಕಟ್ಟಿದ್ದೆ." ಸುಕನ್ಯ ಕನ್ನಡಿಯ ಮುಂದೆ ನಿಂತು ಕೆಲಸದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಸಾಲಲ್ಲಿ ಕೊಡ ಮಡಗ್ಬುಟ್ರೆ ಮುಗೀತು. ಮನೆಗೋಗಿ ಹಿಟ್ಟು ತೊಳಸ್ಬುಟ್ಟು ಬತ್ತಿದ್ದೆ. ಆ ಹೊತ್ಗೆ ಯಾರಾರ ಒಬ್ರು ಸರಿಸಿರೋರು. ಒಂದಿನಾನೂ ನಮ್ ಸರದಿ ತಪ್ಪಿದ್ದಿಲ್ಲ."

"ಕೊಡ ಕದ್ದಿದ್ರೆ?"

"ಕದ್ದೋಳು ನಾಳಿಕೆ ಅದೇ ಕೊಡ ತಕಂಡು ಅದೇ ನಲ್ಲಿಗೆ ಬರ್ಬೇಕಲ್ವೆ, ಪೆದ್ದಿ."

ಸುಕನ್ಯ ನಕ್ಕಳು. ಒಂದಿನವೂ ಸರದಿ ತಪ್ಪಿರಲಿಲ್ಲ ಎಂಬುದು ಪೂರ್ತಿ ನಿಜವಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವ್ವ ಆ ಮಾತನ್ನು ಯಾವತ್ತೂ ಎತ್ತುತ್ತಿರಲಿಲ್ಲ, ಇವಳೂ ಕೆದಕುತ್ತಿರಲಿಲ್ಲ. ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿ ಹಿಡಿದು ಮನೆಯಿಂದ ಹೊರಬಿದ್ದಳು. ಕ್ವಾರ್ಟರ್ಸಿನಿಂದ ಗಗನವನದ ಹಿಂಬಾಗಿಲಿಗೆ ಐದು ನಿಮಿಷದ ದಾರಿ.

ಗಗನವನ ಅಂದರೆ ಮಳವಳ್ಳಿಯಿಂದ ಆಚೆ, ಬೋಳು ಕಲ್ಲುಗುಡ್ಡಗಳ ನಡುವೆ ಎದ್ದ ಆಟದ ಲೋಕ. ನೀರಿನ ಜಾರುಬಂಡೆ, ತಲೆಕೆಳಗಾಗಿ ಓಡುವ ರೈಲು, ಕತ್ತಲ ಗುಹೆ, ಎಲ್ಲಕ್ಕಿಂತ ಎತ್ತರಕ್ಕೆ ಮೂವತ್ತು ತೊಟ್ಟಿಲುಗಳ ಜೈಂಟ್ ವೀಲ್. ಬಾಗಿಲಲ್ಲಿ ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ಕೈಪಟ್ಟಿ ಕಟ್ಟುತ್ತಿದ್ದರು. ಆ ಪಟ್ಟಿ ನಾಡಿ ನೋಡುತ್ತಿತ್ತು, ಚರ್ಮದ ಬಿಸಿ ನೋಡುತ್ತಿತ್ತು, ಕೈ ಎಷ್ಟು ಸಲ ಒದ್ದಾಡಿತು ಎಂದು ಎಣಿಸುತ್ತಿತ್ತು. ಮೂರನ್ನೂ ಕೂಡಿಸಿ ಸಾಲಿನಲ್ಲಿ ನಿಂತ ಮನುಷ್ಯನ ತಾಳ್ಮೆ ಇನ್ನೆಷ್ಟು ಉಳಿದಿದೆ ಎಂದು ಗೆರೆ ಎಳೆಯುತ್ತಿತ್ತು. ಗೆರೆ ಕೆಳಗಿಳಿದು ಇನ್ನೇನು ಮುರಿಯಬೇಕು ಅನ್ನುವಾಗ ಫೋನಿನಲ್ಲಿ 'ಮುನ್ನಡೆ' ಎಂಬ ಆ್ಯಪು ಮೆಲ್ಲಗೆ ಕೇಳುತ್ತಿತ್ತು: ಇಷ್ಟು ಕೊಟ್ಟರೆ ಈಗಲೇ ಹೋಗಬಹುದು, ಹೋಗುತ್ತೀರಾ? ನೂರಕ್ಕೆ ಎಪ್ಪತ್ತು ಜನ ಹೂಂ ಅನ್ನುತ್ತಿದ್ದರು. ಒಂದು ನಿಮಿಷ ಮೊದಲು ಕೇಳಿದ್ದರೆ ಅವರಲ್ಲಿ ಅರ್ಧ ಜನ ಬೇಡ ಅನ್ನುತ್ತಿದ್ದರು; ಎರಡು ನಿಮಿಷ ತಡವಾಗಿದ್ದರೆ ಸಾಲು ಬಿಟ್ಟು ಹೊರಟೇಹೋಗುತ್ತಿದ್ದರು. ಆ ಒಂದು ಗಳಿಗೆಯನ್ನು ಹಿಡಿಯುವುದೇ ವಿದ್ಯೆ. ಅದನ್ನು ಹಿಡಿದ ಮೇಲೆ 'ಮುನ್ನಡೆ' ಗಗನವನದ ಗೋಡೆ ದಾಟಿ ಹಲ್ಲಿನ ಆಸ್ಪತ್ರೆಗೆ, ಸೈಟು ರಿಜಿಸ್ಟ್ರೇಷನ್ನಿಗೆ, ಕೊನೆಗೆ ಹಿಟ್ಟಿನ ಗಿರಣಿಗೂ ಹೋಗಿತ್ತು. ಈಗಿನ ಮಕ್ಕಳಿಗೆ ಹಣ ಕೊಟ್ಟರೂ ದಾಟಲಾಗದ ಸಾಲು ಇತ್ತು ಎಂದರೆ ಕತೆ ಹೇಳಿದ ಹಾಗೆ.

ಯಂತ್ರಕ್ಕೆ ಈ ವಿದ್ಯೆ ಕಲಿಸಿದವಳು ಸುಕನ್ಯ. ಹನ್ನೆರಡು ವರ್ಷದ ಹಿಂದೆ, ಗಗನವನ ಹೊಸದಾಗಿ ತೆರೆದಾಗ, ಅವಳು ಇದೇ ಜೈಂಟ್ ವೀಲಿನ ಸಾಲು ಕಾಯುವ ಕೆಲಸಕ್ಕೆ ಸೇರಿದ್ದಳು. ಯಾರ ತಾಳ್ಮೆ ಯಾವಾಗ ಕೆಡುತ್ತದೆ ಎಂದು ಅವರ ಕಾಲು ನೋಡಿಯೇ ಹೇಳುತ್ತಿದ್ದಳು. ಮೈಭಾರ ಒಂದು ಕಾಲಿಂದ ಇನ್ನೊಂದಕ್ಕೆ ಹೋಗುತ್ತದೆ, ಆಮೇಲೆ ಹೆಬ್ಬೆರಳು ನೆಲ ಕೆರೆಯುತ್ತದೆ, ಆಮೇಲೆ ಹಿಮ್ಮಡಿ ಮೇಲೇಳುತ್ತದೆ. ನಲ್ಲಿಯ ಸಾಲಿನಲ್ಲಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಪನಿಯವರು ಅವಳ ಕೈಗೊಂದು ಗುಂಡಿ ಕೊಟ್ಟು, ಯಾರ ತಾಳ್ಮೆಯಾದರೂ ಕೆಟ್ಟಿತು ಅನ್ನಿಸಿದಾಗ ಒತ್ತು ಎಂದರು. ಒಂದು ವರ್ಷ ಒತ್ತಿದಳು. ಆ ಒತ್ತುಗಳೇ ತಾಳ್ಮೆಯ ಗೆರೆಯಾದವು. ಅವಳಿಗೆ ಬಡ್ತಿ ಸಿಕ್ಕಿತು, ತಂಪು ಕೋಣೆಯಲ್ಲಿ ಕುರ್ಚಿ ಸಿಕ್ಕಿತು.

ಆ ಕೋಣೆಯಲ್ಲಿ ಮಧ್ಯಾಹ್ನ ಎರಡೂವರೆಗೆ ದಿವಾಕರ್ ಅವಳ ಪರದೆಯ ಹತ್ತಿರ ಬಂದು ನಿಂತ. ಅವನು ಸಾಲು ವಿಭಾಗದ ಮುಖ್ಯಸ್ಥ, ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು. ಜೋರು ಮಾತಾಡಿದವನಲ್ಲ.

"ಸುಕನ್ಯಾ ಅವರೇ, ಇದೇನು ನೋಡಿ. ಜೈಂಟ್ ವೀಲಿನ ಸಾದಾ ಸಾಲು. ಇಪ್ಪತ್ತೆರಡು ಗೆರೆ, ಒಂದೂ ಇಳಿದಿಲ್ಲ."

ಎಲ್ಲ ಗೆರೆಗಳೂ ಹಗ್ಗ ಎಳೆದು ಕಟ್ಟಿದಷ್ಟು ನೆಟ್ಟಗಿದ್ದವು. ನಾಡಿ ನಿಮಿಷಕ್ಕೆ ಐವತ್ನಾಲ್ಕು. ಕೈ ಒದ್ದಾಟ ಸೊನ್ನೆ. ಒಂದೂವರೆ ಗಂಟೆಯಿಂದ ಹಾಗೇ ಇತ್ತು.

"ಬ್ಯಾಂಡು ಕೆಟ್ಟಿರಬಹುದು ಸರ್."

"ಇಪ್ಪತ್ತೆರಡೂ ಒಟ್ಟಿಗೆ ಕೆಡುತ್ತವಾ? ಬಿಸಿ ಸರಿಯಾಗಿದೆ, ನಾಡಿ ಸರಿಯಾಗಿದೆ. ಯಾವುದೋ ಯೋಗ ಶಿಬಿರದವರು ಇರಬೇಕು." ಅವನ ಕಣ್ಣು ಹೊಳೆಯುತ್ತಿತ್ತು. "ಇಂಥವರ ಗೆರೆ ಯಾವಾಗ ಮುರಿಯುತ್ತೆ ಅಂತ ನಮ್ಮ ಹತ್ತಿರ ಲೆಕ್ಕವೇ ಇಲ್ಲ. ಯಾರೂ ಮುಟ್ಟಬೇಡಿ, ನೋಡೋಣ."

ಯಂತ್ರ ತನ್ನಷ್ಟಕ್ಕೆ ತಾನು ಮಾಡುತ್ತಿದ್ದ ಕೆಲಸ ಸುಕನ್ಯಳಿಗೆ ಆಗ ಕಂಡಿತು. ಮಾಮೂಲಿ ದಿನ ಮೂರು ತೊಟ್ಟಿಲು ಹಣ ಕೊಟ್ಟವರಿಗೆ, ನಾಲ್ಕನೆಯದು ಸಾದಾ ಸಾಲಿಗೆ. ಈ ಸಾಲಿನವರು ಎಷ್ಟು ಹೊತ್ತು ಬೇಕಾದರೂ ಕಾಯುತ್ತಾರೆ ಎಂದು ಯಂತ್ರಕ್ಕೆ ಮನವರಿಕೆಯಾಗಿತ್ತು. ಹಾಗಾಗಿ ಮೊದಲು ಎಂಟಕ್ಕೊಂದು ಮಾಡಿತು, ಆಮೇಲೆ ಇಪ್ಪತ್ತಕ್ಕೊಂದು; ಅವು ಇವರ ಮುಂದಿದ್ದವರಿಗೇ ಸರಿಹೋದವು. ಮೂರು ಗಂಟೆ ಹೊತ್ತಿಗೆ ಸಾದಾ ಸಾಲಿಗೆ ತೊಟ್ಟಿಲು ಬಿಡುವುದನ್ನೇ ನಿಲ್ಲಿಸಿತು. ಅವರ ಹಿಂದೆ ಇದ್ದವರು ಒಬ್ಬೊಬ್ಬರಾಗಿ ಬೇಸತ್ತು, ಹಣ ಕೊಟ್ಟು, ಮುಂದೆ ಹೋದರು.

ಸಾಲನ್ನು ಕೈಯಿಂದ ಬಿಡಿಸುವ ಅಧಿಕಾರ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಸಾಲು ತಾನಾಗಿ ಒಡೆಯುವ ಗುರುತು ಕಂಡರೆ, ಅಂದರೆ ಹತ್ತಿಪ್ಪತ್ತು ಜನ ಒಟ್ಟಿಗೆ ತಾಳ್ಮೆಗೆಟ್ಟು, ಹಣವನ್ನೂ ಕೊಡದಿದ್ದರೆ, ಯಂತ್ರವೇ ಗಾಬರಿಯಾಗಿ ಬಾಗಿಲು ತೆಗೆಯುತ್ತಿತ್ತು. ಅದಾದ ಮೇಲೆ ಒಂದು ವರದಿ ಬರೆದುಕೊಡಬೇಕು. ಯಾವ ಸಾಲು, ಯಾರ ತಾಳ್ಮೆ, ಯಾವಾಗ ಮುರಿಯಿತು, ಮೂರು ಪ್ರಶ್ನೆ. ಅತಿಥಿಗಳ ಕೈಪಟ್ಟಿಗೆ ಕೆಲಸಗಾರರು ಕೈಹಾಕಿದರೆ ಮಾತ್ರ ವರದಿಯಿಲ್ಲ. ಅದೇ ದಿನ ಮನೆಗೆ.

"ನಾನೊಂದ್ಸಲ ನೋಡಿಕೊಂಡು ಬರ್ತೀನಿ ಸರ್," ಎಂದಳು.

"ನೋಡಿ. ಮಾತಾಡಿಸಬೇಡಿ."

ಹೊರಗೆ ಬಿಸಿಲು ಕಾದಿತ್ತು. ಜೈಂಟ್ ವೀಲಿನ ಸಾಲಿಗೆ ಹಾಕಿದ್ದ ಕಬ್ಬಿಣದ ಕಂಬಿಗಳ ನಡುವೆ ಒಬ್ಬ ಮನುಷ್ಯನೂ ಇರಲಿಲ್ಲ. ಕಂಬಿಯ ಮೇಲೆ ಮಾತ್ರ, ಒಂದರ ಹಿಂದೆ ಒಂದು, ಇಪ್ಪತ್ತೆರಡು ಕೈಪಟ್ಟಿಗಳು ನೇತಾಡುತ್ತಿದ್ದವು.

ಸುಕನ್ಯ ಹತ್ತಿರ ಹೋಗಿ ನೋಡಿದಳು. ಒಂದಕ್ಕೆ ಹಸಿರು ದಾರ. ಒಂದಕ್ಕೆ ಪಿನ್ನು. ಒಂದಕ್ಕೆ ಕನಕಾಂಬರದ ಎಸಳು ಸುತ್ತಿದೆ, ಒಂದಕ್ಕೆ ಕುಂಕುಮ ಒತ್ತಿದೆ. ಮೊದಲನೆಯದಕ್ಕೆ ಎಲೆಗೆ ಹಚ್ಚುವ ಸುಣ್ಣದ ಬೊಟ್ಟು. ಒಂದೇ ಥರದ ಇಪ್ಪತ್ತೆರಡು ಪಟ್ಟಿಗಳಲ್ಲಿ ತಮ್ಮದು ಯಾವುದೆಂದು ತಿಳಿಯಲು ಇಟ್ಟುಕೊಂಡ ಗುರುತು. ಕಂಬಿಯ ಮೇಲೆ ಕೈಯಿಟ್ಟಳು. ಬಿಸಿಲಿಗೆ ಕಾದ ಕಬ್ಬಿಣ ಮೈಯಷ್ಟೇ ಬೆಚ್ಚಗಿತ್ತು. ವೀಲಿನ ಮೋಟಾರಿನ ಅದುರು ಅದರೊಳಗೆ ನಿಧಾನವಾಗಿ, ತಪ್ಪದೆ ಬಡಿಯುತ್ತಿತ್ತು. ಐವತ್ನಾಲ್ಕು. ಯಂತ್ರ ಮಧ್ಯಾಹ್ನದಿಂದ ಕಬ್ಬಿಣದ ನಾಡಿ ಹಿಡಿದು ಕೂತಿತ್ತು.

"ಏ ಇವ್ಳೆ, ಮುಟ್ಬ್ಯಾಡ ಕನವ್ವ, ಸರದಿ ಅದು," ಎಂದು ಯಾರೋ ಕೂಗಿದರು.

ಸಾಲಿನ ಪಕ್ಕ ಇದ್ದ ಹೊಂಗೆಮರದ ಕೆಳಗೆ ಹೆಂಗಸರು ಕಾಲು ಚಾಚಿ ಕೂತಿದ್ದರು. ಬುತ್ತಿ ಬಿಚ್ಚಿ ತಿಂದಾಗಿತ್ತು. ಇಬ್ಬರು ಮಲಗಿದ್ದರು, ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿದ್ದಳು. ಕೂಗಿದವಳು ಎಪ್ಪತ್ತು ದಾಟಿದ ಮುದುಕಿ, ತೊಡೆಯ ಮೇಲೆ ಎಲೆಯಡಿಕೆ ಚೀಲ.

"ಎಲ್ಲಿಂದ ಬಂದಿದೀರವ್ವ?"

"ಹೊನಗನದೊಡ್ಡಿ. ಸಂಗದಿಂದ ಬಸ್ ಮಾಡ್ಕಂಡು ಬಂದ್ವಿ. ನನ್ನೆಸ್ರು ಜವರಮ್ಮ."

"ಪಟ್ಟಿ ಯಾಕವ್ವ ಅಲ್ಲಿ ಹಾಕಿದೀರ? ಕೈಲಿ ಕಟ್ಕೊಂಡಿರ್ಬೇಕಿತ್ತು."

"ಬಾಗ್ಲಲ್ಲಿ ಒಬ್ಳು ಹೇಳುದ್ಲು, ಈ ಪಟ್ಟಿನೇ ನಿಮ್ ಸರದಿ ಅಂತ. ಸರದಿನಾ ಯಾರಾರ ಕೈಗೆ ಕಟ್ಕಂಡು ತಿರುಗ್ತಾರಾ? ಸಾಲಲ್ಲಿ ಮಡಗುದ್ವಿ. ಗಂಟೆಗೊಬ್ರು ಹೋಗಿ ಸರಿಸ್ತೀವಿ ಅಂದ್ಕಂಡ್ವಿ. ಸಾಲು ಸರಿಯಂಗೇ ಕಾಣ್ನಿಲ್ಲ."

"ಆ ತೊಟ್ಲೇನು ನಮ್ಮೂರ್ ಬಸ್ಸಾ, ಕೈ ಅಡ್ಡ ಹಾಕುದ್ರೆ ನಿಲ್ಲಾಕೆ?" ಎಂದಳು ತಲೆ ಬಾಚುತ್ತಿದ್ದವಳು. ಮಲಗಿದ್ದವರೂ ಸೇರಿ ಎಲ್ಲ ನಕ್ಕರು.

ಹನ್ನೆರಡು ವರ್ಷದಲ್ಲಿ ಈ ಕಂಬಿಗಳ ಹತ್ತಿರ ಯಾರೂ ಹೀಗೆ ನಕ್ಕಿದ್ದು ಸುಕನ್ಯ ಕೇಳಿರಲಿಲ್ಲ. ನಲ್ಲಿಯ ಸಾಲಿನಲ್ಲಿ ಕೊಡಗಳು ನಿಂತಿರುತ್ತಿದ್ದವು, ಜನ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರೆಕಾಯಿ ಸುಲಿಯುವುದು, ಹೆಣ್ಣು ಗೊತ್ತು ಮಾಡುವುದು, ಮುನಿಸು ತೀರಿಸುವುದು ಎಲ್ಲ ಅಲ್ಲೇ. ಕಾಯುವ ಕೆಲಸ ಕೊಡಕ್ಕೆ ಬಿಟ್ಟು, ಉಳಿದ ಹೊತ್ತು ತಮಗೆ. ಅವಳು ಅಆಇಈ ತಿದ್ದಿದ್ದು ಅವ್ವನ ಮಗ್ಗುಲಲ್ಲಿ ಕೂತು, ನೀರು ಚೆಲ್ಲಿ ಒದ್ದೆಯಾದ ಮಣ್ಣಿನ ಮೇಲೆ.

"ಅವ್ವ, ನೀವು ಬೇರೆ ಆಟ ನೋಡ್ಬಹುದಲ್ಲ. ಇದು ತಡ ಆಗುತ್ತೆ."

"ನಂಗೆ ಬ್ಯಾರೆದು ಬ್ಯಾಡ." ಜವರಮ್ಮ ವೀಲಿನ ತುದಿ ನೋಡಿದಳು. "ಅದರ ಮ್ಯಾಲ್ಗಡೆ ಹೋದ್ರೆ ಹೊಳೆ ಆಚೆಗಂಟ ಕಾಣ್ತದಂತೆ. ನನ್ ತವರು ಹೊಳೆ ಆಚೆ. ಹದ್ನಾರಕ್ಕೆ ಮದ್ವೆ ಆಗಿ ಬಂದೆ. ಅಣ್ತಮ್ಮಂದಿರು ಹೋದ್ರು, ಮನೆ ಬಿದ್ದೋಯ್ತು, ಈಗ ಬಾ ಅನ್ನೋರು ಯಾರವ್ರೆ? ಕೆರೆ ಏರಿ ಮ್ಯಾಲೆ ಏಳು ತಾಳೆಮರ ಇದ್ವು. ಅವ್ನ ಒಂದು ಕಿತ ನೋಡ್ಕಂಡು ಇಳೀತೀನಿ. ಬೆಳಕಿರಂಗೇ ಹತ್ತಬೇಕು. ಬಸ್ಸು ಆರು ಗಂಟೆಗೆ ಹೊರಡ್ತದೆ."

ಆಗ ಮೂರೂ ನಲವತ್ತು.

ಸುಕನ್ಯ ಕೋಣೆಗೆ ಓಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದಿವಾಕರ್ ಕುರ್ಚಿಗೆ ಒರಗಿದ. ನಿರಾಸೆಯಾದವನ ಮುಖ.

"ಹಾಗಾದರೆ ಯೋಗಿಗಳಲ್ಲ."

"ಅಲ್ಲ ಸರ್. ಬಾಗಿಲು ತೆಗೆಸಿ."

"ಹೇಗೆ ತೆಗೆಸಲಿ? ಗೆರೆ ಮುರಿಯದೆ ಅದು ತೆಗೆಯಲ್ಲ ಅಂತ ನಿಮಗೆ ಗೊತ್ತಲ್ಲ. ಪಟ್ಟಿ ಕಟ್ಟಿಕೊಂಡು ಸಾಲಲ್ಲಿ ನಿಂತುಕೊಳ್ಳೋಕೆ ಹೇಳಿ. ಬೇಜಾರಾದರೆ ತಾನೇ ತೆಗೆಯುತ್ತೆ."

ಹೋಗಿ ಹೇಳಿದಳು. ಹೆಂಗಸರು ಎದ್ದರು, ಗುರುತು ಹುಡುಕಿ ತಮ್ಮ ತಮ್ಮ ಪಟ್ಟಿ ಕಟ್ಟಿಕೊಂಡರು, ಸಾಲಲ್ಲಿ ನಿಂತರು. ಅರ್ಧ ಗಂಟೆ ನಿಂತರು. ಸೊಸೆಯಂದಿರ ಮಾತು ಬಂತು, ಎಮ್ಮೆಯ ಮಾತು ಬಂತು, ಬಾಣಂತಿಗೆ ಏನು ಪಥ್ಯ ಎಂಬ ಮಾತು ಬಂತು. ಅವರ ಕಾಲುಗಳನ್ನೇ ನೋಡುತ್ತಿದ್ದ ಸುಕನ್ಯಳಿಗೆ ಒಂದು ಹೆಬ್ಬೆರಳೂ ನೆಲ ಕೆರೆದದ್ದು ಕಾಣಲಿಲ್ಲ. ಗಂಟೆಗಟ್ಟಲೆ ಕಾಯುವುದು ಅವರಿಗೆ ಉಸಿರಾಡಿದಷ್ಟೇ ಸಲೀಸು. ಬಿಸಿಲು ತಾಗಿ ಒಬ್ಬಳಿಗೆ ತಲೆಸುತ್ತು ಬಂದಾಗ ಎಲ್ಲರೂ ಪಟ್ಟಿ ಬಿಚ್ಚಿ ಮತ್ತೆ ಕಂಬಿಗೆ ಹಾಕಿ, ಅವಳನ್ನು ಹಿಡಿದುಕೊಂಡು ಮರದ ಕೆಳಗೆ ಹೋದರು.

"ಬುಡು ಮಗ, ನಮಗೇನ್ ಅವಸರ," ಎಂದಳು ಜವರಮ್ಮ. ಅವಳ ಕಣ್ಣು ಮಾತ್ರ ಇಳಿಯುತ್ತಿದ್ದ ಹೊತ್ತಿನ ಕಡೆ ಇತ್ತು.

ಆ ಮಾತು ಸುಕನ್ಯಳ ಎದೆಗೆ ಬಂದು ತಾಗಿತು. ಅದೇ ಮಾತು, ಅದೇ ದನಿ.

ಕಲ್ಲಾರೆ ಕೊಪ್ಪಲಿನಲ್ಲಿ ಆಗ ಬರ ಬಿದ್ದು ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಅವಳಿಗೆ ಒಂಬತ್ತೋ ಹತ್ತೋ. ಸೊಟ್ಟ ಮೂತಿಯ ಕೊಡ ಮೊದಲನೆಯದಾಗಿತ್ತು. ಹೊಸ ಮನೆ ಕಟ್ಟಿಸುತ್ತಿದ್ದ ಒಬ್ಬರ ಆಳು ತಳ್ಳುಗಾಡಿಯಲ್ಲಿ ನೀಲಿ ಡ್ರಮ್ಮು ತಂದ. ನೀರು ಬಿಡುವವನ ಅಂಗೈಗೆ ಏನೋ ಒತ್ತಿದ. ಕೊಡವನ್ನು ಕಾಲಿನಿಂದ ಸರಿಸಿ ಡ್ರಮ್ಮನ್ನು ನಲ್ಲಿಯ ಕೆಳಗೆ ನಿಲ್ಲಿಸಿದ. ಕೊಡ ಉರುಳಿ ಚರಂಡಿಗೆ ಬಿತ್ತು. ಅವ್ವ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಸಾಲಿನ ಕೊನೆಗೆ ಒಯ್ದು ಇಟ್ಟಳು. ಬುಡು ಮಗ, ನಮಗೇನ್ ಅವಸರ. ಅವತ್ತು ನೀರು ಸಿಗಲಿಲ್ಲ. ಮುಂದಿನ ಸಲವೂ ಡ್ರಮ್ಮು ಬಂತು. ಅದಕ್ಕೆ ಜಾಗ ಮಾಡಬೇಕಾದಾಗಲೆಲ್ಲ ನೀರು ಬಿಡುವವನು ಕೆಂಪು ದಾರದ ಕೊಡವನ್ನೇ ಸರಿಸುತ್ತಿದ್ದ. ಬೇರೆಯವರು ಜಗಳಕ್ಕೆ ಬರುತ್ತಿದ್ದರು. ಚೌಡಮ್ಮ ಬರುತ್ತಿರಲಿಲ್ಲ.

ಆ ನೀರು ಬಿಡುವವನೂ ತನ್ನ ಹಾಗೆಯೇ ಕಾಲು ನೋಡುತ್ತಿದ್ದ ಎಂದು ಸುಕನ್ಯಳಿಗೆ ಈಗ ಹೊಳೆಯಿತು. ಯಾರದು ನೆಲ ಕೆರೆಯುತ್ತದೆ, ಯಾರದು ಕೆರೆಯುವುದಿಲ್ಲ. ಅದನ್ನೇ ಅವಳು ವರ್ಷಪೂರ್ತಿ ಗುಂಡಿ ಒತ್ತಿ ಯಂತ್ರಕ್ಕೆ ಕಲಿಸಿದ್ದಳು.

ಐದು ಗಂಟೆಗೆ ಹತ್ತು ನಿಮಿಷ ಇತ್ತು. ಗುಡ್ಡದ ನೆರಳು ಹೊಂಗೆಮರದ ಬುಡಕ್ಕೆ ಬಂದಿತ್ತು.

ಅವಳು ಕಂಬಿಯ ಹತ್ತಿರ ಹೋಗಿ ಮೊದಲ ಪಟ್ಟಿ ತೆಗೆದು ತನ್ನ ಕೈಗೆ ಹಾಕಿಕೊಂಡಳು. ಸುಣ್ಣದ ಬೊಟ್ಟಿನದು. ಆಮೇಲೆ ಹಸಿರು ದಾರದ್ದು. ಆಮೇಲೆ ಪಿನ್ನಿನದು. ಬಲಗೈಗೆ ಹನ್ನೊಂದು, ಎಡಗೈಗೆ ಹನ್ನೊಂದು, ಮೊಣಕೈವರೆಗೂ, ಮದುವೆ ಹೆಣ್ಣು ಬಳೆ ತೊಟ್ಟ ಹಾಗೆ.

"ಅಯ್ಯೋ, ಇದೇನವ್ವ ಮಾಡೀಯೆ?" ಎಂದಳು ತಲೆ ಬಾಚುತ್ತಿದ್ದವಳು.

"ನಿಮ್ ಬದಲು ನಾನು ಬೇಜಾರ್ ಮಾಡ್ಕತೀನಿ."

ಕಂಬಿಗಳ ನಡುವೆ ಒಬ್ಬಳೇ ನಿಂತಳು. ಬೇಜಾರನ್ನು ಎಳೆದು ತರಬೇಕಾಗಲಿಲ್ಲ. ಚರಂಡಿಯಲ್ಲಿ ಉರುಳಿದ ಕೊಡದ ಸದ್ದು ಮೂವತ್ತೆರಡು ವರ್ಷದಿಂದ ಒಳಗೆ ಕೂತಿತ್ತು, ಕರೆದ ಕೂಡಲೇ ಬಂತು. ಅವ್ವ ಸೆರಗಿನಿಂದ ಕೊಡ ಒರೆಸಿದ್ದು ಬಂತು. ತನ್ನ ಬಡ್ತಿ ಬಂತು, ತಂಪು ಕುರ್ಚಿ ಬಂತು. ಎದೆ ಬಡಿದುಕೊಳ್ಳತೊಡಗಿತು, ಅಂಗೈ ಬೆವರಿತು, ಹಿಮ್ಮಡಿ ತಾನಾಗಿ ಮೇಲೆದ್ದಿತು. ಅವಳು ಕೆಳಗೆ ನೋಡಿದಳು. ಹೆಬ್ಬೆರಳು ನೆಲ ಕೆರೆಯುತ್ತಿತ್ತು.

ತಂಪು ಕೋಣೆಯ ಪರದೆಯ ಮೇಲೆ ಇಪ್ಪತ್ತೆರಡು ಗೆರೆಗಳು ಒಂದೇ ಏಟಿಗೆ ಮುರಿದುಬಿದ್ದವು. 'ಮುನ್ನಡೆ' ಇಪ್ಪತ್ತೆರಡು ಸಲ ಹಣ ಕೇಳಿತು. ಸಂಘದ ಹೆಂಗಸರ ಫೋನುಗಳು ಬುತ್ತಿಯ ಚೀಲಗಳ ತಳದಲ್ಲಿದ್ದವು, ಕೆಲವು ಊರಲ್ಲೇ ಇದ್ದವು. ಬೆಲೆ ಇಳಿಸಿ ಮತ್ತೆ ಕೇಳಿತು. ಆಮೇಲೆ ಸಾದಾ ಸಾಲಿನ ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಹಣ ಕೊಟ್ಟವರ ಬಾಗಿಲು ಮುಚ್ಚಿತು. ನಾಲ್ಕು ಖಾಲಿ ತೊಟ್ಟಿಲುಗಳು ಬಂದು ನಿಂತವು.

"ಬನ್ನಿ, ಬನ್ನಿ, ಬೇಗ."

ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಓಡಿಬಂದರು. ಸುಕನ್ಯ ಕೈಚಾಚಿ ನಿಂತಳು. ಒಬ್ಬೊಬ್ಬರೂ ತಮ್ಮ ಗುರುತು ನೋಡಿ ಪಟ್ಟಿ ಬಿಚ್ಚಿಕೊಂಡು ಹೋದರು. ಕೊನೆಗೆ ಜವರಮ್ಮ ಬಂದಳು. ಸುಣ್ಣದ ಬೊಟ್ಟು ಬೆವರಿಗೆ ಕರಗಿ ಸುಕನ್ಯಳ ಮಣಿಕಟ್ಟಿನ ಮೇಲೆ ಬಿಳಿಗೆರೆ ಎಳೆದಿತ್ತು.

"ನೀನೂ ನಡಿ."

"ನನ್ನ ಸರದಿ ಇಲ್ಲವ್ವ."

"ಯಾಕಿಲ್ಲ? ನಮ್ ಕೆಲಸಕ್ಕೆ ಕ್ವಾಣೆಗೆ ಓಡಾಡ್ತಿದ್ದೋಳು ನೀನು. ನೀನು ಮೊದಲ್ನೇ ಕಿತ ಹೋದಾಗ್ಲೇ ಮಡಗಿವ್ನಿ, ನೋಡು."

ಸುಕನ್ಯ ತಿರುಗಿ ನೋಡಿದಳು. ಇಪ್ಪತ್ತೆರಡು ಪಟ್ಟಿಗಳಿದ್ದ ಜಾಗದ ಹಿಂದೆ, ಕಂಬಿಗೆ ಜವರಮ್ಮನ ಎಲೆಯಡಿಕೆ ಚೀಲ ಗಂಟು ಹಾಕಿ ತೂಗುತ್ತಿತ್ತು.

ಹನ್ನೆರಡು ವರ್ಷ ಈ ಚಕ್ರದ ಕೆಳಗೆ ದುಡಿದಿದ್ದಳು, ಒಂದು ದಿನವೂ ಹತ್ತಿರಲಿಲ್ಲ. ತೊಟ್ಟಿಲು ನೆಲ ಬಿಟ್ಟಾಗ ಕೈ ತಾನಾಗಿ ಮುದುಕಿಯ ತೋಳು ಹಿಡಿಯಿತು. ಹೊಂಗೆಮರ ಕೆಳಗಾಯಿತು, ಕಲ್ಲುಗುಡ್ಡ ಕೆಳಗಾಯಿತು, ಗದ್ದೆಗಳು ಹಾಸಿದ ಕಂಬಳಿಯಂತೆ ಬಿಚ್ಚಿಕೊಂಡವು. ದೂರದಲ್ಲಿ ಹೊಳೆ ಬೆಳ್ಳಗೆ ಕಂಡಿತು. ಜವರಮ್ಮ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಐದೇ ಅವೆ," ಎಂದಳು ಕೊನೆಗೆ. "ಎಲ್ಡು ಬಿದ್ದೋಗವೆ."

ಚಕ್ರ ಮೂರು ಸುತ್ತು ಬಂತು. ಮೇಲೆ ಹೋದಾಗಲೆಲ್ಲ ಅವಳ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು.

ಎರಡನೆಯ ಸುತ್ತಿನಲ್ಲಿ ಸುಕನ್ಯಳ ಫೋನು ಅದುರಿತು.

"ಇಪ್ಪತ್ತೆರಡು ಜನರ ನಾಡಿ ಒಂದೇ ತಾಳಕ್ಕೆ ಬಡಿದಿದೆ," ಎಂದ ದಿವಾಕರ್. "ಯಾರದ್ದು ಅದು?"

"ನಂದೇ ಸರ್."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ವರದಿ ಬರೆದುಕೊಡಿ," ಎಂದ. "ಅದನ್ನು ನೋಡಿ ಮುಂದಿನ ಮಾತು. ನಿಜ ಬರೆಯಿರಿ."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಚೌಡಮ್ಮ ಮೊರದಲ್ಲಿ ಅವರೆಕಾಳು ಹರಡಿಕೊಂಡು ಹುಳುಕು ಆರಿಸುತ್ತಿದ್ದಳು. ಸುಕನ್ಯ ಅವಳ ಮಗ್ಗುಲಲ್ಲಿ ಕೂತು ವರದಿಯ ಹಾಳೆ ತೆರೆದಳು. ನಾಳೆಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಯಾಕೋ ಎದೆ ಮಾತ್ರ ಹಗುರಾಗಿತ್ತು.

ಯಾವ ಸಾಲು? ಜೈಂಟ್ ವೀಲು, ಸಾದಾ ಸಾಲು. ಯಾರ ತಾಳ್ಮೆ? ತನ್ನ ಹೆಸರು ಬರೆದಳು. ಯಾವಾಗ ಮುರಿಯಿತು? ಐದು ಗಂಟೆಗೆ ಹತ್ತು ನಿಮಿಷ ಎಂದು ಬರೆಯಲು ಹೋಗಿ ಬೆರಳು ನಿಂತಿತು. ನಿಜ ಬರೆಯಿರಿ ಎಂದಿದ್ದ.

"ಅವ್ವ, ನಲ್ಲಿತಾವಕೆ ಆ ನೀಲಿ ಡ್ರಮ್ಮು ತಂದ್ರಲ್ಲ, ಅದು ಯಾವಾಗ?"

ಚೌಡಮ್ಮನ ಕೈ ಮೊರದ ಮೇಲೆ ನಿಂತಿತು. ಮರೆತಿದ್ದಾಳೇನೋ ಎಂದುಕೊಂಡಳು ಸುಕನ್ಯ. ಅವ್ವ ತಲೆಯೆತ್ತಲಿಲ್ಲ. ಯೋಚನೆಯನ್ನೂ ಮಾಡಲಿಲ್ಲ.

"ಮಾರ್ನಾಮಿ ಕಳೆದು ಎಂಟ್ನೇ ದಿನ, ಸೋಮವಾರ," ಎಂದಳು. "ಹೊತ್ತುಟ್ಟಿ ಒಂದು ಮಾರು ಬಂದಿತ್ತು."